ಒಬ್ಬನ ಹೊಂಡ

ಎರ್‌ಹೈ ಸರೋವರದ ಉತ್ತರಕ್ಕೆ, ಚಾಂಗ್‌ಷಾನ್ ಬೆಟ್ಟಸಾಲು ಇಳಿದು ಗದ್ದೆಬಯಲನ್ನು ಮುಟ್ಟುವ ಕಡೆ, ಬೈಟಾಂಗ್ ಎಂಬ ಹಳ್ಳಿಯಿದೆ. ಬಾಯ್ ಎಂಬ ಬುಡಕಟ್ಟಿನ ಜನರ ಊರು ಅದು. ಸುಣ್ಣ ಬಳಿದ ಗೋಡೆಗಳು, ಗೋಡೆಯ ನೆತ್ತಿಯಲ್ಲಿ ಮಸಿಯಲ್ಲಿ ಬರೆದ ಹೂಬಳ್ಳಿ, ಅಂಗಳಕ್ಕೊಂದು ಅಕ್ರೋಟಿನ ಮರ. ಊರಿನ ಹಿತ್ತಿಲಿಗೆ ಹೊಂದಿಕೊಂಡೇ ನೆಲದೊಳಗಿಂದ ಬಿಸಿನೀರು ಉಕ್ಕುತ್ತದೆ. ಬೆಳಗಿನ ಚಳಿಯಲ್ಲಿ ಊರಿಗೆ ಊರೇ ಒಲೆ ಹಚ್ಚಿಕೊಂಡು ಕೂತಂತೆ ಹಬೆ ಏಳುತ್ತದೆ. ಗಂಧಕದ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ, ಸ್ವಲ್ಪ ಹೊತ್ತಿಗೆ ಮರೆತುಬಿಡುತ್ತಾರೆ. ಬುಗ್ಗೆಯ ಬಾಯಲ್ಲೇ ಬಿಳಿಯ ಅಮೃತಶಿಲೆಯ ಹೊಂಡವೊಂದಿದೆ. ನಾಲ್ಕು ಮೂಲೆಗೆ ನಾಲ್ಕು ಕಮಲ, ಇಳಿಯಲು ನುಣುಪಾದ ಮೆಟ್ಟಿಲು. ಅಲ್ಲಿಂದ ಕೆಳಗೆ, ಗದ್ದೆಯ ಅಂಚಿನಲ್ಲಿ, ಒರಟು ಕಾಡುಗಲ್ಲು ಜೋಡಿಸಿ ಕಟ್ಟಿದ ಉದ್ದನೆಯ ಇನ್ನೊಂದು ಕೊಳ. ಅವರ ಪಂಚಾಂಗದ ಎರಡನೆಯ ತಿಂಗಳಲ್ಲಿ, ಅವರೆ ಹೊಲ ಹೂ ಮುಗಿಸಿ ಕಾಯಿ ಕಟ್ಟುವಾಗ, ಇಲ್ಲಿ ಮೀಯುವ ಹಬ್ಬ ನಡೆಯುತ್ತದೆ. ಸುತ್ತಲ ಹಳ್ಳಿಗಳವರು ರಜಾಯಿ, ಪಾತ್ರೆ, ಹೊಗೆಗೆ ಒಣಗಿಸಿದ ಮಾಂಸ ಕಟ್ಟಿಕೊಂಡು ಬಂದು ಬಯಲಲ್ಲೇ ಬಿಡಾರ ಹೂಡುತ್ತಾರೆ. ಬಂದವರೆಲ್ಲ ಇಳಿಯುವುದು ಕೆಳಗಿನ ಕೊಳಕ್ಕೆ. ಅಲ್ಲಿ ಮಂಡಿಗೆ ಮಂಡಿ ತಾಗುವಷ್ಟು ಇಕ್ಕಟ್ಟು. ಮೇಲೆ ಹಾಲಿನಂಥ ಕಲ್ಲಿನ ಹೊಂಡ ತುಂಬಿ ತುಳುಕುತ್ತ ಬರಿದೇ ಬಿದ್ದಿರುತ್ತದೆ. ಅದರ ಹೆಸರೇನೆಂದು ಕೇಳಿದರೆ 'ಒಬ್ಬನ ಹೊಂಡ' ಎನ್ನುತ್ತಾರೆ. ಹಾಗೆ ಹೇಳುವಾಗ ಊರಿನ ಹೆಂಗಸರ ತುಟಿಯ ಒಂದು ತುದಿ ಕೆಳಗಿಳಿಯುತ್ತದೆ.

ಹಿಂದೆ ಒಮ್ಮೆ, ದಾಲಿ ಪಟ್ಟಣದಲ್ಲಿ ಅರಸರು ಆಳುತ್ತಿದ್ದ ಕಾಲದಲ್ಲಿ, ಬುಗ್ಗೆಯ ಬಾಯಿಗೆ ಕಟ್ಟೆಯೇ ಇರಲಿಲ್ಲ. ಗುಂಡುಕಲ್ಲು ಸುತ್ತಿಟ್ಟ ಒಂದು ಹಳ್ಳ, ಅಷ್ಟೇ. ಆಗಲೂ ಜನ ಹೀಗೆಯೇ ಬರುತ್ತಿದ್ದರು. ಹೇಸರಗತ್ತೆ ಹೊಡೆದು ಮಂಡಿ ಹಿಡಿದವರು, ಕೆಸರುಗದ್ದೆಯಲ್ಲಿ ನಿಂತು ಕಾಲಿಗೆ ಹುಣ್ಣಾದವರು, ಹೆರಿಗೆಯ ಮೇಲೆ ಸೊಂಟ ಬಿದ್ದುಹೋದವರು, ಇಡೀ ವರ್ಷದ ನೋವನ್ನು ಈ ಹಬ್ಬಕ್ಕೆಂದು ಎತ್ತಿಟ್ಟುಕೊಂಡು ಬರುತ್ತಿದ್ದರು. ಅವರಿಗೆ ಬೇರೆ ವೈದ್ಯನಿರಲಿಲ್ಲ. ಗಂಡಸರಿಗೆ ಹೆಂಗಸರಿಗೆ ನಡುವೆ ಗೋಡೆಯೂ ಇರಲಿಲ್ಲ. ನೀಲಿಬಟ್ಟೆ ಸುತ್ತಿಕೊಂಡು ಎಲ್ಲರೂ ಇಳಿಯುತ್ತಿದ್ದರು. ಆದರೆ ಅಲ್ಲಿಗೊಂದು ಕಟ್ಟಳೆಯಿತ್ತು. ನೀರಿಗಿಳಿದವರು ಸಾಲಾಗಿ ಕೂರಬೇಕು. ಪ್ರತಿಯೊಬ್ಬರೂ ಮುಂದೆ ಕೂತವರ ಬೆನ್ನನ್ನು ತುಪ್ಪದ ಹೀರೆಯ ನಾರಿನಿಂದ ಉಜ್ಜಬೇಕು. ತಮ್ಮ ಬೆನ್ನನ್ನು ಹಿಂದಿನವರಿಗೆ ಬಿಡಬೇಕು. ಎಲ್ಲರಿಗಿಂತ ಮುಂದಿದ್ದವರು ಬೆನ್ನು ಉಜ್ಜಿಸಿಕೊಂಡು ಎದ್ದು, ಸುತ್ತಿಬಂದು ಕೊನೆಯವರ ಹಿಂದೆ ಕೂರಬೇಕು. ಹೀಗೆ ಸಾಲು ಇಡೀ ದಿನ ಸರಿಯುತ್ತಲೇ ಇರುತ್ತಿತ್ತು. ಮನುಷ್ಯನ ಬೆನ್ನನ್ನು ದೇವರು ಅವನ ಕೈಗೆ ಎಟುಕದಂತೆ ಮಾಡಿದ್ದೇ ಈ ಹಬ್ಬಕ್ಕಾಗಿ ಎಂದು ಮುದುಕರು ಹೇಳುತ್ತಿದ್ದರಂತೆ. ನೀರಿನಲ್ಲಿ ಬಹುವಚನವೂ ಇರಲಿಲ್ಲ. ಅರಸನ ಅಧಿಕಾರಿಯೂ 'ನೀನು', ಹಂದಿ ಕಾಯುವವನೂ 'ನೀನು'. ಬಹುವಚನವನ್ನು ಅಂಗಿಯ ಜೊತೆ ದಂಡೆಯಲ್ಲಿ ಬಿಚ್ಚಿಡಬೇಕಿತ್ತು.

ಆ ಕಾಲಕ್ಕೆ ಬೈಟಾಂಗಿನ ಒಡೆಯನಾಗಿದ್ದವನು ಡೋಂಗ್ ಷಿಲ್ಯಾಂಗ್. ಈ ಕಥೆ ಹೇಳುವವರು ಅವನಿಗೆ ಬಹುವಚನ ಹಚ್ಚುವುದಿಲ್ಲ, ನಾವೂ ಹಚ್ಚುವ ಅಗತ್ಯವಿಲ್ಲ. ಅವನ ಅಜ್ಜ ಇದೇ ಊರಿನಲ್ಲಿ ಹೇಸರಗತ್ತೆಗಳಿಗೆ ಉಪ್ಪು ಹೇರಿ ಬೆಟ್ಟ ದಾಟಿಸುತ್ತಿದ್ದವನು, ಮೈಮುರಿದು ದುಡಿದವನು, ನಾಲ್ಕು ಜನಕ್ಕೆ ಬೇಕಾದವನು. ಮೊಮ್ಮಗನಿಗೆ ಅವನ ಮೈಕಟ್ಟೊಂದು ಬಿಟ್ಟು ಬೇರೇನೂ ಬಂದಿರಲಿಲ್ಲ. ಅರಮನೆಯ ಮೇಲ್ವಿಚಾರಕನಿಗೆ ಒಂದು ಕುದುರೆಯನ್ನು ಕಾಣಿಕೆ ಕೊಟ್ಟು ಡೋಂಗ್ ಒಡೆತನದ ಮುದ್ರೆ ತಂದುಕೊಂಡ. ಕುದುರೆ ಒಳ್ಳೆಯ ಜಾತಿಯದಿತ್ತು ಎನ್ನುತ್ತಾರೆ. ಆ ವ್ಯವಹಾರದಲ್ಲಿ ಹೊಗಳಬಹುದಾದದ್ದು ಅದೊಂದೇ. ಮುದ್ರೆ ಕೈಗೆ ಬಂದ ದಿನದಿಂದ ಅವನ ನಡಿಗೆ ಬದಲಾಯಿತು, ದನಿ ಬದಲಾಯಿತು, ಕೆಮ್ಮು ಕೂಡ ಬದಲಾಯಿತು. ನೆಂಟರನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟ. ಆದರೂ ಮೊದಲ ವರ್ಷ ಹಬ್ಬಕ್ಕೆ ಬಂದ. ಬಾರದಿದ್ದರೆ ಊರದೇವರು, ಅವರು ಬೆನ್‌ಝು ಎಂದು ಕರೆಯುವ ಆ ಗುಡಿಯ ದೇವರು, ಮುನಿಯುತ್ತಾನೆಂಬ ಭಯ ಅವನಿಗಿತ್ತು. ಮುನಿಸಿನ ಭಯವಿರುವವನನ್ನು ಭಕ್ತನೆಂದು ಕರೆಯುವುದು ಲೋಕದ ರೂಢಿ.

ಅಂದು ಸಾಲಿನಲ್ಲಿ ಅವನ ಹಿಂದೆ ಕೂತವನು ಯಾಂಗ್ ಬಾವ್ ಎಂಬ ಮುದುಕ, ಅವನ ಅಜ್ಜನ ಜೊತೆ ಬೆಟ್ಟ ಹತ್ತಿಳಿದ ಹಳೆಯ ಜೊತೆಗಾರ. ಮುದುಕ ಅವನ ಬೆನ್ನು ಉಜ್ಜುತ್ತ, ಭುಜದ ಕೆಳಗಿನ ಮಚ್ಚೆಯನ್ನು ಕಂಡು, ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ. "ಮಗೂ, ಇದೇ ಮಚ್ಚೆ ನಿನ್ನ ಅಜ್ಜನಿಗೂ ಇತ್ತು. ಎಷ್ಟು ಸಲ ಉಜ್ಜಿದ್ದೀನಿ ಇದನ್ನ. ಹೇಸರಗತ್ತೆ ಒದ್ದ ಕಲೆಯೋ ಏನೋ ಅಂತ ಅವನೇ ತಮಾಷೆ ಮಾಡುತ್ತಿದ್ದ." ಸಾಲಿನಲ್ಲಿದ್ದವರು ನಕ್ಕರು. ಆ ನಗೆಯಲ್ಲಿ ಕೆಡುಕಿರಲಿಲ್ಲ. ನಮ್ಮವನೇ ಅಲ್ಲವೇ ಎಂಬ ಸಲಿಗೆಯ ನಗೆ ಅದು. ಆದರೆ ಹೊಸದಾಗಿ ದೊಡ್ಡವನಾದವನಿಗೆ ಹಳೆಯ ಸಲಿಗೆಯಷ್ಟು ಉರಿಯುವ ವಸ್ತು ಇನ್ನೊಂದಿಲ್ಲ. ಡೋಂಗ್ ಅರ್ಧಕ್ಕೇ ಎದ್ದು, ಅಂಗಿ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದ. ಮುಂದೆ ನಡೆದುದಕ್ಕೆಲ್ಲ ಕಾರಣ ಈ ಮಚ್ಚೆ. ಅರಸೊತ್ತಿಗೆಗಳು ಮುಳುಗುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕೆಂದು ತಿಳಿದವರು ಸಣ್ಣ ಮನುಷ್ಯರನ್ನು ಹತ್ತಿರದಿಂದ ನೋಡಿಲ್ಲ.

ಸ್ವಲ್ಪ ದಿನಕ್ಕೆ ಗುಡಿಯ ಪೂಜಾರಿ ದ್ವಾನ್ ಲಿನ್‌ಗೆ ಕನಸು ಬಿತ್ತು. ಬೆನ್‌ಝು ಕಾಣಿಸಿಕೊಂಡು, ಬುಗ್ಗೆಯ ಬಾಯಿ ಮೈಲಿಗೆಯಾಗಿದೆ, ಅದನ್ನು ಅಮೃತಶಿಲೆಯಿಂದ ಕಟ್ಟಿಸಿ ಒಡೆಯನೊಬ್ಬನೇ ಮೀಯಬೇಕು ಎಂದನಂತೆ. ದ್ವಾನ್ ಲಿನ್‌ಗೆ ಬೀಳುತ್ತಿದ್ದ ಕನಸುಗಳೆಲ್ಲ ಒಡೆಯನ ಮನೆಯಲ್ಲಿ ಊಟವಾದ ಮೇಲೆಯೇ ಬೀಳುತ್ತಿದ್ದವು ಎಂಬುದನ್ನು ಊರು ಬಲ್ಲದು. ಬಲ್ಲ ಊರು ತಲೆಯಾಡಿಸಿತು. ಹಿರಿಯರು ಸೇರಿ, ದೇವರ ಮಾತಿಗೆ ಎದುರಾಡಬಾರದು ಎಂದರು. ಕೆಳಗೆ ಹರಿದುಬರುವ ನೀರು ನಮಗೆ ಸಾಕಲ್ಲವೇ ಎಂದರು. ಬಾಗಿದ ಬೆನ್ನಿಗೆ ಕಾರಣಗಳು ಬಹಳ ಬೇಗ ಹೊಳೆಯುತ್ತವೆ.

ಬೆಟ್ಟದ ಕಲ್ಲುಗಣಿಯಿಂದ ಹಾಸುಗಲ್ಲು ತರಲು ಮನೆಗೊಬ್ಬ ಗಂಡಾಳು ಬಿಟ್ಟಿದುಡಿಮೆಗೆ ಹೋಗಬೇಕೆಂದು ಡಂಗುರ ಸಾರಿದರು. ಯಾಂಗ್ ಬಾವ್ ಮುದುಕನ ಮನೆಯಿಂದ ಅವನ ಮಗ ಯಾಂಗ್ ಷುನ್ ಹೋದ. ಅವನ ಹೆಂಡತಿ ಝಾವ್ ಯಾವ್‌ಷಿ. ಯಾವ್‌ಷಿ ಎಂದರೆ ಔಷಧಿಯ ಬುದ್ಧ. ಮಕ್ಕಳ ಹೆಸರಿಗೆ ದೇವರ ಹೆಸರು ಸೇರಿಸುವುದು ಆ ಕಾಲದ ಆ ಸೀಮೆಯ ವಾಡಿಕೆ. ಬಟ್ಟೆಗೆ ಗಂಟು ಹಾಕಿ ನೀಲಿಯಲ್ಲಿ ಅದ್ದುವುದು ಅವಳ ಕಸುಬು. ಬಾನಿಯಲ್ಲಿ ಕೈಯಾಡಿಸಿ ಆಡಿಸಿ ಅವಳ ಕೈ ಮೊಣಕೈಯವರೆಗೂ ನೀಲಿಯಾಗಿತ್ತು, ತೊಳೆದರೆ ಹೋಗುತ್ತಿರಲಿಲ್ಲ. ಹೆಚ್ಚು ಮಾತಿನವಳಲ್ಲ. ಮಕ್ಕಳಾಗಿರಲಿಲ್ಲ. ಗಂಡನೂ ಅವಳೂ ಒಬ್ಬರಿಗೊಬ್ಬರು ಬೈದುಕೊಳ್ಳುತ್ತ, ಒಂದೇ ತಟ್ಟೆಯಲ್ಲಿ ಉಣ್ಣುತ್ತ ಸುಖವಾಗಿದ್ದರು. ಮಳೆ ಹನಿದ ಒಂದು ಮಧ್ಯಾಹ್ನ, ಇಳಿಜಾರಿನಲ್ಲಿ ಹಗ್ಗ ಹರಿದು, ಹೊಂಡದ ಅಂಚಿಗೆಂದು ತರುತ್ತಿದ್ದ ದೊಡ್ಡ ಹಾಸುಗಲ್ಲು ಜಾರಿ ಯಾಂಗ್ ಷುನ್‌ನ ಮೇಲೆ ಬಿತ್ತು. ಸುದ್ದಿ ತಿಳಿದು ಯಾವ್‌ಷಿ ಬಾನಿಯ ನೀರು ತೊಟ್ಟಿಕ್ಕುವ ಕೈಯಲ್ಲೇ ಓಡಿದಳು. ಅವಳು ಹೋಗುವಷ್ಟರಲ್ಲಿ ಡೋಂಗ್ ಕುದುರೆಯೇರಿ ಬಂದಿದ್ದ. ಅವನು ಕಲ್ಲಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ ನೋಡಿ, ಮೇಸ್ತ್ರಿಯನ್ನು ಕೇಳಿದ: "ಕಲ್ಲು ಸೀಳಿಲ್ಲ ತಾನೇ?"

ಯಾವ್‌ಷಿ ತಲೆಯೆತ್ತಿ ನೋಡಿದಳು. ಅಲ್ಲಿಯವರೆಗೆ ಅವಳೂ ಎಲ್ಲರಂತೆ ಡೋಂಗ್‌ಗೆ ಹೆದರುತ್ತಿದ್ದಳು. ಅವನನ್ನು ಹುಲಿ ಎಂದುಕೊಂಡಿದ್ದಳು. ಆ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲಿ ಅವಳ ಭಯ ಹೋಯಿತು, ಸಿಟ್ಟು ಬರಲಿಲ್ಲ. ಸಿಟ್ಟು ಬರಬೇಕಾದರೆ ಎದುರಿಗಿರುವವನು ಒಬ್ಬ ಮನುಷ್ಯನಾದರೂ ಆಗಿರಬೇಕು. ಅವಳಿಗೆ ಕಂಡದ್ದು ರೇಷ್ಮೆ ಅಂಗಿ ತೊಟ್ಟು, ಮಳೆಗೆ ನೆನೆಯುತ್ತೇನೆಂದು ಮುಖ ಸಿಂಡರಿಸಿಕೊಂಡು, ಕಲ್ಲನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದ ಒಂದು ಪದಾರ್ಥ. ಅವಳು ಅಳದೆ ಗಂಡನ ಮುಖದ ಕೆಸರು ಒರೆಸಿದಳು. ಅವನ ಕೆನ್ನೆಗೆ ಅವಳ ಬೆರಳಿನ ನೀಲಿ ಹತ್ತಿಕೊಂಡಿತು. ಹಾಗೆಯೇ ಮಣ್ಣಿಗಿಟ್ಟರು.

ತಿಂಗಳು ಕಳೆದ ಮೇಲೆ ದ್ವಾನ್ ಲಿನ್ ಸಮಾಧಾನ ಹೇಳಲು ಬಂದ. ಅವರ ಪದ್ಧತಿಯಂತೆ ಬಂದವರಿಗೆ ಮೊದಲು ಕಹಿ ಚಹ, ಆಮೇಲೆ ಸಿಹಿ ಚಹ, ಕೊನೆಗೆ ಜೇನು ಮೆಣಸು ಹಾಕಿದ ಚಹ ಕೊಡಬೇಕು. ಯಾವ್‌ಷಿ ಕಹಿ ಚಹ ಕೊಟ್ಟು ಒಲೆ ಆರಿಸಿದಳು. ಪೂಜಾರಿ ಅದನ್ನು ಕಂಡೂ ಕಾಣದಂತೆ, "ತಂಗಿ, ಒಡೆಯರದು ದೊಡ್ಡ ಮನಸ್ಸು. ಒಮ್ಮೆ ಹೋಗಿ ಕಾಲಿಗೆ ಬೀಳು. ಹೊಳೆದಂಡೆಯ ಒಂದು ಹೊಲ ನಿನಗೆ ಬಿಟ್ಟುಕೊಟ್ಟಾರು" ಎಂದ.

"ದೇವರು ಕನಸಿನಲ್ಲಿ ಬಂದು ಹೊಂಡ ಕಟ್ಟಿಸು ಅಂದನಂತಲ್ಲ ಪೂಜಾರಪ್ಪ, ನನ್ನ ಗಂಡ ಕಲ್ಲಿನಡಿ ಹೋಗುತ್ತಾನೆ ಅಂತ ಹೇಳಲಿಲ್ಲವಾ?"

"ದೇವರು ಎಲ್ಲವನ್ನೂ ಹೇಳುವುದಿಲ್ಲ, ತಂಗಿ."

"ನಿನಗೆ ಎಷ್ಟು ಬೇಕೋ ಅಷ್ಟು ಹೇಳುತ್ತಾನೆ" ಎಂದು ಅವಳು ಬಾನಿಯ ಕಡೆಗೆ ತಿರುಗಿದಳು. ದ್ವಾನ್ ಲಿನ್ ಕಹಿ ಚಹವನ್ನು ಪೂರ್ತಿ ಕುಡಿದೇ ಎದ್ದನಂತೆ. ಬಿಟ್ಟಿ ಸಿಕ್ಕಿದ್ದನ್ನು ಬಿಟ್ಟು ಏಳುವ ಅಭ್ಯಾಸ ಅವನಿಗಿರಲಿಲ್ಲ.

ಹೊಂಡ ಮುಗಿಯಿತು. ಸುತ್ತ ಎತ್ತರದ ಗೋಡೆ, ಬಾಗಿಲಲ್ಲಿ ಈಟಿ ಹಿಡಿದ ಕಾವಲು. ದ್ವಾನ್ ಲಿನ್ ಅದರ ಮೇಲೆ ಪದ್ಯ ಕಟ್ಟಿದ. ಒಡೆಯನ ಮೈಯನ್ನು ಚಂದ್ರನಿಗೂ ಹೊಂಡವನ್ನು ಆಕಾಶಕ್ಕೂ ಹೋಲಿಸಿದ ಪದ್ಯವಂತೆ. ಯಾರಿಗೂ ನೆನಪಿಲ್ಲದಿರುವುದು ಸಾಹಿತ್ಯದ ಪುಣ್ಯ. ಮರುವರ್ಷದ ಹಬ್ಬಕ್ಕೆ ಬಂದ ಜನ, ಗೋಡೆಯ ಬುಡದಿಂದ ಹೊರಬೀಳುವ ಚರಂಡಿಯ ನೀರಿಗೆ ಸಾಲುಗಟ್ಟಿ ಕೂತರು. ಒಳಗೆ ಡೋಂಗ್ ಮಿಂದ ನೀರು ಅದು. ಒಳಗಿಂದ ಅವನು ಕ್ಯಾಕರಿಸುವ ಸದ್ದು ಕೇಳಿಸುತ್ತಿತ್ತು, ಸ್ವಲ್ಪ ಹೊತ್ತಿಗೆ ಅದೂ ತೇಲಿ ಬರುತ್ತಿತ್ತು. ಜನ ಮುಖ ತಿರುಗಿಸಿಕೊಂಡು ಮಿಂದರು. ಯಾವ್‌ಷಿ ಮಾವನನ್ನು ಕೈಹಿಡಿದು ಕರೆತಂದಿದ್ದಳು. ಮುದುಕ ಅಂಗಿಯ ಗುಂಡಿ ಬಿಚ್ಚತೊಡಗಿದಾಗ ಅವಳು ತಡೆದಳು.

"ಮಾವ, ಅದು ಅವನು ಮಿಂದ ನೀರು."

"ಬಿಸಿಯಿದೆಯಲ್ಲ ಮಗಳೇ. ಯಾರು ಮಿಂದದ್ದು ಅಂತ ನನ್ನ ಮಂಡಿಗೆ ಗೊತ್ತಾಗುವುದಿಲ್ಲ."

"ನನಗೆ ಗೊತ್ತಾಗುತ್ತದೆ" ಎಂದಳು ಯಾವ್‌ಷಿ. ಮುದುಕ ಗುಂಡಿ ಹಾಕಿಕೊಂಡ.

ಗದ್ದೆಯ ಅಂಚಿನಲ್ಲಿ ಎಮ್ಮೆಗಳು ಹೊರಳುವ ಕೆಸರುಗುಂಡಿಯೊಂದಿತ್ತು. ಚಳಿಗಾಲದಲ್ಲಿ ಎಮ್ಮೆಗಳು ಅಲ್ಲಿಂದ ಏಳುವುದಕ್ಕೆ ಒಪ್ಪುತ್ತಿರಲಿಲ್ಲವೆಂಬುದು ಊರಿನ ಮಕ್ಕಳಿಗೂ ಗೊತ್ತು. ಕೆಸರಿನಡಿಯಿಂದ ಅಷ್ಟಿಷ್ಟು ಬಿಸಿನೀರು ಜಿನುಗುತ್ತಿತ್ತು. ಯಾವ್‌ಷಿ ಮಾವನನ್ನು ಅಲ್ಲಿಗೆ ಕರೆದೊಯ್ದು, ಎಮ್ಮೆಗಳನ್ನು ಎಬ್ಬಿಸಿ, ಮಂಡಿಯುದ್ದದ ಕೆಸರಲ್ಲಿ ಅವನನ್ನು ಕೂರಿಸಿ, ತಾನು ಹಿಂದೆ ಕೂತು ಬೆನ್ನು ಉಜ್ಜಿದಳು. ಜನ ದಂಡೆಯಲ್ಲಿ ನಿಂತು ನಕ್ಕರು. ಎಂಜಲುನೀರಿನಲ್ಲಿ ಮಿಂದು ಬಂದವರಿಗೆ ಕೆಸರಲ್ಲಿ ಕೂತವರನ್ನು ಕಂಡು ನಗೆ ಬಂದದ್ದು ವಿಚಿತ್ರವೇನಲ್ಲ. ತನಗಿಂತ ಕೆಳಗೊಬ್ಬರು ಸಿಕ್ಕಿದರೆ ಮನುಷ್ಯನಿಗೆ ಅಷ್ಟೇ ಸಾಕು. ಯಾವ್‌ಷಿ ಅವರ ಕಡೆ ತಿರುಗಲೂ ಇಲ್ಲ. ಹಬ್ಬ ಮುಗಿದ ಮೇಲೂ ಅವಳು ಬಿಡುವಾದಾಗಲೆಲ್ಲ ಬಂದು ಕೆಸರು ಎತ್ತಿ ಹಾಕುತ್ತಿದ್ದಳು, ಹೊಳೆಯಿಂದ ಕಲ್ಲು ಹೊತ್ತು ತಂದು ಅಂಚಿಗೆ ಒತ್ತುತ್ತಿದ್ದಳು. ಅಗೆದಂತೆ ಬಿಸಿ ಹೆಚ್ಚಿತು. ಮುಂದಿನ ಹಬ್ಬಕ್ಕೆ ದೂರದ ಊರಿನಿಂದ ಬಂದ ಒಬ್ಬ ಬಾಣಂತಿ, ಚರಂಡಿಯ ನೀರು ನೋಡಿ ವಾಕರಿಸಿ, ಇಲ್ಲಿಗೆ ಬಂದು ಮುದುಕನ ಮುಂದೆ ಕೂತಳು. ಆಮೇಲೆ ಒಬ್ಬರ ಹಿಂದೆ ಒಬ್ಬರು ಬಂದರು. ನಕ್ಕವರೂ ಬಂದರು, ತಾವು ನಕ್ಕೇ ಇರಲಿಲ್ಲವೆಂಬ ಮುಖ ಹೊತ್ತುಕೊಂಡು. ಒಂದಷ್ಟು ವರ್ಷಗಳಲ್ಲಿ ಚರಂಡಿಯ ಬದಿ ಖಾಲಿಯಾಗಿ, ಹಬ್ಬವೆಂದರೆ ಎಮ್ಮೆಗುಂಡಿಯೇ ಎಂದಾಯಿತು. ಡೋಂಗ್‌ಗೆ ಈ ಸುದ್ದಿ ಹೋದಾಗ, "ಎಮ್ಮೆಗಳಿಗೆ ತಕ್ಕ ಜಾಗ ಸಿಕ್ಕಿತು" ಎಂದನಂತೆ. ಸುತ್ತಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಅದು ಅವರ ಉದ್ಯೋಗ.

ಆಮೇಲೆ ಅವನ ಬೆನ್ನಿಗೆ ತುರಿಕೆ ಹತ್ತಿತು. ಸರಿಯಾಗಿ ಭುಜದ ಕೆಳಗೆ, ಎಡಗೈಯೂ ಮುಟ್ಟದ ಬಲಗೈಯೂ ಮುಟ್ಟದ ಜಾಗದಲ್ಲಿ. ಆಳುಗಳು ಉಜ್ಜಿದರು. ಹೆದರಿಕೆಯಿಂದ ಉಜ್ಜುವ ಕೈಗೆ ಬಲವಿರಲಿಲ್ಲ, ಗರಿ ಸವರಿದಂತಾಗಿ ತುರಿಕೆ ಇಮ್ಮಡಿಯಾಗುತ್ತಿತ್ತು. ಗಟ್ಟಿಯಾಗಿ ಉಜ್ಜಿದವನನ್ನು ಅವನೇ ಹೊಡೆಸುತ್ತಿದ್ದ. ದಾಲಿಯ ವೈದ್ಯರು ಲೇಪ ಹಚ್ಚಿದರು. ಹೊಗಳುಭಟರು ಇದು ರಾಜಯೋಗದ ತುರಿಕೆ ಎಂದರು. ಗೋಡೆಯೊಳಗಿನ ಹಾಲುಗಲ್ಲಿನ ಹೊಂಡದಲ್ಲಿ ಅವನು ಕತ್ತಿನವರೆಗೆ ಮುಳುಗಿ ಕೂತು ಹಲ್ಲು ಕಡಿಯುತ್ತಿದ್ದ. ಕೊನೆಗೆ ದ್ವಾನ್ ಲಿನ್‌ನ ಕುತ್ತಿಗೆಗೇ ಬಂತು. ದೇವರನ್ನು ಕೇಳಿ ಪರಿಹಾರ ತಾರದಿದ್ದರೆ ಗುಡಿ ಬಿಡಿಸುತ್ತೇನೆಂದು ಡೋಂಗ್ ಗದರಿದ. ಪೂಜಾರಿ ಗುಡಿಯಲ್ಲಿ ಮೂರು ಸಂಜೆ ಕೂತು, ಬಹುಶಃ ತನ್ನ ಜನ್ಮದಲ್ಲಿ ಮೊದಲ ಸಲ ನಿಜವಾಗಿ ಬೇಡಿಕೊಂಡನೆಂದು ಹೇಳುತ್ತಾರೆ. ಬಂದ ಉತ್ತರ ಅವನಿಗೇ ಹಿಡಿಸಲಿಲ್ಲ. ಆದರೂ ಹೇಳಿದ: "ಹೆದರಿಕೆಯಿಲ್ಲದವರು, ಆಸೆಯಿಲ್ಲದವರು ಉಜ್ಜಿದರೆ ತುರಿಕೆ ಇಳಿಯುತ್ತದಂತೆ, ಒಡೆಯರೇ."

ಡೋಂಗ್ ತನ್ನ ಸುತ್ತ ನೋಡಿದ. ಹೆದರಿಕೆಯಿಲ್ಲದವರಾಗಲಿ ಆಸೆಯಿಲ್ಲದವರಾಗಲಿ ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ. ಇದ್ದವರನ್ನೆಲ್ಲ ಅವನೇ ಎಂದೋ ಓಡಿಸಿದ್ದ. ಹಬ್ಬದ ಹಿಂದಿನ ದಿನ, ಎಮ್ಮೆಗುಂಡಿಯಲ್ಲಿ ಯಾರಿಗೂ ಹೆದರದೆ ಬೆನ್ನು ಉಜ್ಜುವವಳೆಂದು, ಕಾವಲಿನವರು ಹೋಗಿ ಯಾವ್‌ಷಿಯನ್ನು ಕರೆತಂದರು. ಅವಳು ಆ ಗೋಡೆಯೊಳಗೆ ಕಾಲಿಟ್ಟದ್ದು ಅದೇ ಮೊದಲು, ಅದೇ ಕೊನೆ. ಗಂಡನ ಮೇಲೆ ಬಿದ್ದ ಹಾಸುಗಲ್ಲು ಯಾವುದೆಂದು ಅವಳು ಹುಡುಕಲಿಲ್ಲ. ಎಲ್ಲವೂ ಒಂದೇ ಬಿಳುಪಿದ್ದವು. ಡೋಂಗ್ ನೀರಿನಲ್ಲಿ ಬೆನ್ನು ತೋರಿಸಿ ಕೂತು, "ಉಜ್ಜು" ಎಂದ.

"ಹೆದರಿಕೆಯಿಲ್ಲದವರು ಉಜ್ಜಬೇಕಂತಲ್ಲ. ಈಟಿಯವರು ಎಳೆದು ತಂದವಳ ಕೈಯಿಂದ ಏನಾಗುತ್ತದೆ, ಒಡೆಯರೇ?"

ಡೋಂಗ್ ಕೈಸನ್ನೆ ಮಾಡಿ ಕಾವಲಿನವರನ್ನು ಹೊರಗೆ ಕಳಿಸಿದ. "ಸರಿ. ಏನು ಬೇಕೋ ಕೇಳು."

"ಕೇಳಿದರೆ ಆಸೆಯಾಗುತ್ತದೆ."

ಹೆದರಿಸುವುದು, ಕೊಡುವುದು, ಇವೆರಡು ಬಿಟ್ಟರೆ ಮನುಷ್ಯರ ಜೊತೆ ಮಾಡಬಹುದಾದ ಮೂರನೆಯದೊಂದು ಇದೆಯೆಂಬುದು ಅವನ ಬುದ್ಧಿಗೆ ಹತ್ತಲೇ ಇಲ್ಲ. ಯಾವ್‌ಷಿ ಅವನ ಬೆನ್ನನ್ನು ನೋಡಿದಳು. ಕೆರೆದು ಕೆರೆದು ಚರ್ಮ ಕಿತ್ತುಬಂದಿತ್ತು. ಮಚ್ಚೆ ಕಾಣದಷ್ಟು ಹುಣ್ಣಾಗಿತ್ತು. ನೋವಿರುವ ಬೆನ್ನು ಅದು, ಅವಳಿಗೆ ಬೆನ್ನುಗಳ ನೋವು ಗೊತ್ತು. "ನಾಳೆ ಹಬ್ಬ. ಕೆಳಗೆ ಬನ್ನಿ. ಸಾಲಿನಲ್ಲಿ ಕೂತರೆ ಹಿಂದೆ ನಾನು ಕೂರುತ್ತೇನೆ. ಅಲ್ಲಿ ನಾನು ಯಾರ ಬೆನ್ನನ್ನೂ ಇಲ್ಲವೆಂದಿಲ್ಲ" ಎಂದು ಹೇಳಿ ಹೊರಟಳು. ಕಾವಲಿನವರು ದಾರಿ ಬಿಟ್ಟರು.

ಮರುದಿನ ಡೋಂಗ್ ಬಂದ. ಮುಂದೆ ವಾದ್ಯ, ಹಿಂದೆ ಈಟಿ. ಮೀಯಲು ಬರುವವನಿಗೆ ವಾದ್ಯ ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹಿರಿಯರು ಕೆಸರಲ್ಲೇ ಮೊಣಕಾಲೂರಿದರು. ದ್ವಾನ್ ಲಿನ್ ಓಡಾಡಿ, ದಂಡೆಯಲ್ಲಿ ಕಂಬಳಿ ಹಾಸಿದ. ಒಂದೊಂದೇ ಅಂಗಿ ಕಳಚಿತು. ರೇಷ್ಮೆ ಹೋದ ಮೇಲೆ ಒಳಗಿದ್ದುದು ಸಿಪ್ಪೆ ತೆಗೆದ ಮೂಲಂಗಿಯಂಥ ಒಂದು ಮೈ. ಇಷ್ಟಕ್ಕೇ ಹೆದರಿದೆವೇ ಎಂದು ಜನಕ್ಕೆ ಅನಿಸಿರಬೇಕು. ಯಾವ್‌ಷಿ ಯಾರದೋ ನಾರನ್ನು ಅವನ ಕೈಗಿಟ್ಟು ಜಾಗ ತೋರಿಸಿದಳು. ಅವನು ಇಳಿದು ಕೂತ. ಹಿಂದೆ ಅವಳು ಹೀರೆಯ ನಾರು ಹಿಡಿದು ಕೂತಳು. ಮುಂದೆ ಕೂತಿದ್ದವನು ಯಾಂಗ್ ಬಾವ್. ಈಗ ಅವನು ಹಣ್ಣು ಹಣ್ಣು ಮುದುಕ. ಬೆನ್ನೆಂದರೆ ಎಲುಬಿನ ಏಣಿ, ಅದರ ಮೇಲೆ ಹೊರೆ ಹೊತ್ತ ಕಲೆಗಳು, ಹಳೆಯ ಹುಣ್ಣುಗಳ ಗುರುತು.

"ಮುಂದಿನವರ ಬೆನ್ನು ಉಜ್ಜು" ಎಂದಳು ಯಾವ್‌ಷಿ. "ನೀನು ಶುರು ಮಾಡಿದರೆ ನಾನೂ ಶುರು ಮಾಡುತ್ತೇನೆ."

ನೀರಿನಲ್ಲಿ ಬಹುವಚನವಿಲ್ಲವೆಂಬುದನ್ನು ಡೋಂಗ್ ಮರೆತಿದ್ದ. ಆ 'ನೀನು' ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಆದರೂ ತುರಿಕೆ ದೊಡ್ಡದು. ನಾರು ಹಿಡಿದ ಕೈ ನೀರಿನಿಂದ ಮೇಲೆ ಬಂತು. ಮುದುಕನ ಬೆನ್ನಿನ ಹತ್ತಿರ ಹೋಯಿತು. ಯಾವ್‌ಷಿ ನೋಡುತ್ತಿದ್ದಳು. ಅವನು ಒಂದು ಸಲ ಆ ಬೆನ್ನನ್ನು ಮುಟ್ಟಿದ್ದರೆ ತಾನು ಅವನದನ್ನು ಮನಸ್ಸಿಟ್ಟು ಉಜ್ಜುತ್ತಿದ್ದೆ, ಗಂಡನ ಬೆನ್ನು ಉಜ್ಜಿದಂತೆಯೇ ಉಜ್ಜುತ್ತಿದ್ದೆ ಎಂದು ಸಾಯುವವರೆಗೂ ಹೇಳುತ್ತಿದ್ದಳಂತೆ. ಯಾಂಗ್ ಬಾವ್ ಹಿಂದಿರುಗಿ ನೋಡದೆ, ಮೆಲ್ಲಗೆ, "ಉಜ್ಜು ಮಗೂ. ನಿನ್ನ ಅಜ್ಜನ ಕೈ ಬಲು ಹಗುರ ಇತ್ತು" ಎಂದ.

ಕೈ ಅಲ್ಲೇ ನಿಂತಿತು. ಅಷ್ಟು ಹೊತ್ತಿಗೆ ದ್ವಾನ್ ಲಿನ್ ಬಟ್ಟೆ ಸಮೇತ ನೀರಿಗೆ ಹಾರಿ, "ಒಡೆಯರಿಗೆ ಯಾಕೆ ಶ್ರಮ, ಅವರ ಬದಲು ನಾನು ಉಜ್ಜುತ್ತೇನೆ" ಎಂದು ಕೈಚಾಚಿದ. ಡೋಂಗ್‌ನ ಮುಖದಲ್ಲಿ ಕಂಡ ನೆಮ್ಮದಿಯನ್ನು ಇಡೀ ಊರು ನೋಡಿತು. ಅವನು ನಾರನ್ನು ಪೂಜಾರಿಯ ಕೈಗೆ ಹಾಕಿ, ಬೆನ್ನು ನೆಟ್ಟಗೆ ಮಾಡಿ, "ಇನ್ನು ಉಜ್ಜು" ಎಂದು ಯಾವ್‌ಷಿಗೆ ಹೇಳಿದ.

ಯಾವ್‌ಷಿ ಎದ್ದಳು. ಬೈಯಲಿಲ್ಲ, ಉಗುಳಲಿಲ್ಲ. ಕಂಬವನ್ನು ಬಳಸಿ ಹೋಗುವಂತೆ ಅವನನ್ನು ಬಳಸಿ ಮುಂದೆ ಹೋಗಿ, ಪೂಜಾರಿಯನ್ನು ಒಂದು ಕೈಯಿಂದ ಪಕ್ಕಕ್ಕೆ ಸರಿಸಿ, ಮಾವನ ಹಿಂದೆ ಕೂತು ಅವನ ಬೆನ್ನು ಉಜ್ಜತೊಡಗಿದಳು. ಅವಳ ಹಿಂದಿದ್ದ ಹೆಂಗಸು ಒಂದು ಗಳಿಗೆ ತಡೆದು, ತಾನೂ ಎದ್ದು ಡೋಂಗ್‌ನನ್ನು ಬಳಸಿ ಬಂದು ಯಾವ್‌ಷಿಯ ಹಿಂದೆ ಕೂತಳು. ಅವಳ ಹಿಂದಿನವನು ಬಂದ. ಅವನ ಹಿಂದಿನವಳು ಬಂದಳು. ಸಾಲು ಹಾವಿನಂತೆ ಮೈ ಬಾಗಿಸಿಕೊಂಡು ಅವನನ್ನು ಹೊರಗೆ ಬಿಟ್ಟು ಕೂಡಿಕೊಂಡಿತು. ಬೆನ್ನು ಉಜ್ಜುವ ಸರಸರ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಡೋಂಗ್ ಎದ್ದು ನಿಂತು, ಮೈಯೆಲ್ಲ ಕೆಸರಾಗಿ, ಇವರನ್ನು ಹೊಡೆಯಿರಿ ಎಂದ. ಈಟಿಯವರಲ್ಲಿ ಒಬ್ಬನ ತಾಯಿ ಆ ಸಾಲಿನಲ್ಲಿದ್ದಳು. ಅವನು ಈಟಿಯನ್ನು ದಂಡೆಯಲ್ಲಿ ಮಲಗಿಸಿ, ಅಂಗಿ ಬಿಚ್ಚಿ, ಕೊನೆಯವರ ಹಿಂದೆ ಹೋಗಿ ಕೂತ. ಉಳಿದವರು ನೆಲ ನೋಡಿದರು. ಡೋಂಗ್ ಕಂಬಳಿ ಸುತ್ತಿಕೊಂಡು ಗುಡ್ಡ ಹತ್ತಿದ. ವಾದ್ಯದವರಿಗೆ ಬಾರಿಸಬೇಕೋ ಬೇಡವೋ ತಿಳಿಯಲಿಲ್ಲ. ದ್ವಾನ್ ಲಿನ್ ಸೊಂಟದುದ್ದ ನೀರಿನಲ್ಲಿ ಯಾರದೋ ನಾರು ಹಿಡಿದು ನಿಂತೇ ಇದ್ದ, ಒಡೆಯನ ಹಿಂದೆ ಹೋಗುವುದೋ ಸಾಲಿಗೆ ಸೇರುವುದೋ ಎಂದು ಗಾಳಿ ನೋಡುತ್ತ.

ಡೋಂಗ್‌ನನ್ನು ಯಾರೂ ಕೊಲ್ಲಲಿಲ್ಲ, ಓಡಿಸಲಿಲ್ಲ. ಅವನು ಇನ್ನೂ ಬಹುಕಾಲ ಬದುಕಿದ, ಅದೇ ಅವನ ಪಾಡು. ಅವನು ಬೀದಿಯಲ್ಲಿ ಬಂದರೆ ಜನ ಬಗ್ಗುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಮಾತು ಮುಂದುವರಿಸುತ್ತಿದ್ದರು. ಹೊಂಡದ ಅಂಚಿಗೆ ಬೆನ್ನು ಕೊಟ್ಟು, ಮರಕ್ಕೆ ಮೈ ತಿಕ್ಕುವ ದನದಂತೆ ಅವನು ದಿನವಿಡೀ ತಿಕ್ಕಿಕೊಳ್ಳುತ್ತಿದ್ದನಂತೆ. ಅವನು ಸತ್ತ ಮೇಲೆ ಮಕ್ಕಳು ಮುದ್ರೆಯನ್ನು ಎತ್ತಿಕೊಂಡು ದಾಲಿಗೆ ಹೋದರು. ಗೋಡೆಯ ಕಲ್ಲುಗಳು ಒಂದೊಂದಾಗಿ ಕೊಟ್ಟಿಗೆಗಳಿಗೆ ಸಾಗಿದವು. ಆಗ ಹಿರಿಯರು ಸೇರಿ, ಇನ್ನು ಅಮೃತಶಿಲೆಯ ಹೊಂಡ ಎಲ್ಲರದೂ ಆಗಲಿ, ಹಬ್ಬವನ್ನು ಮೇಲಕ್ಕೆ ತರೋಣ ಎಂದರು. ಯಾವ್‌ಷಿಗೆ ಆಗ ಕೂದಲೆಲ್ಲ ಬೆಳ್ಳಗಾಗಿತ್ತು, ಕೈ ಮಾತ್ರ ಇನ್ನೂ ನೀಲಿಯೇ. ಅವಳು ಎದ್ದು ನಿಂತು, "ಅದನ್ನು ಒಬ್ಬನಿಗೆಂದು ಕಟ್ಟಿದ್ದು. ಒಬ್ಬನದೇ ಆಗಿರಲಿ. ನಮಗೆ ಜಾಗಕ್ಕೇನು ಬರವೇ?" ಎಂದು ಹೇಳಿ ಮನೆಗೆ ಹೋದಳು. ಹೆಸರು ಅಂದಿನಿಂದ ನಿಂತಿತು.

ಈಗ ಬೈಟಾಂಗಿಗೆ ಬಸ್ಸು ಬರುತ್ತದೆ. ಕೆಳಗಿನ ಕೊಳಕ್ಕೆ ನಡುವೆ ಗೋಡೆ ಬಂದಿದೆ, ಗಂಡಸರದೊಂದು ಸಾಲು, ಹೆಂಗಸರದೊಂದು. ಹೊರಗಿನಿಂದ ಬಂದವರೂ ಕೂರಬಹುದು. ಕೂತ ಕೂಡಲೇ ಹಿಂದಿನಿಂದ ಯಾರೋ ನಾರು ಕೊಟ್ಟು ಮುಂದಿನ ಬೆನ್ನನ್ನು ತೋರಿಸುತ್ತಾರೆ. ಮೇಲಿನ ಹೊಂಡದ ಅಂಚಿನಲ್ಲಿ ಒಂದು ಕಡೆ ಕಲ್ಲು ಸವೆದು ತಗ್ಗಾಗಿದೆ. ಅದು ಡೋಂಗ್‌ನ ಬೆನ್ನಿನ ಗುರುತು ಎನ್ನುತ್ತಾರೆ, ಮಳೆನೀರಿನದು ಎನ್ನುವವರೂ ಇದ್ದಾರೆ. ಹಬ್ಬದಲ್ಲಿ ಪ್ರತಿ ಸಲವೂ ಪಟ್ಟಣದಿಂದ ಬಂದ ಯಾರಾದರೂ ಒಬ್ಬರು, ಕೆಳಗಿನ ನೂಕುನುಗ್ಗಲು ಕಂಡು ಮೂಗು ಮುರಿದು, ಇಷ್ಟು ಚೆಂದದ ಹೊಂಡ ಯಾರ ಕಣ್ಣಿಗೂ ಬಿದ್ದಿಲ್ಲವಲ್ಲ ಎಂದು ಹಿಗ್ಗಿ, ಮೇಲೆ ಹತ್ತಿ ಇಳಿದು ಕಾಲು ಚಾಚುತ್ತಾರೆ. ಊರವರು ತಡೆಯುವುದಿಲ್ಲ. ಬರಿಯ ಹೆಸರು ಹೇಳುತ್ತಾರೆ. ಅರ್ಥವಾದವರು ಎದ್ದು ಬರುತ್ತಾರೆ. ಅರ್ಥವಾಗದವರು ಅಲ್ಲಿಯೇ ಒರಗಿ, ಕೈಯನ್ನು ಹಿಂದಕ್ಕೆ ತಿರುಚಿ, ತಮ್ಮ ಬೆನ್ನನ್ನು ತಾವೇ ಮುಟ್ಟಲು ನೋಡುತ್ತಿರುತ್ತಾರೆ.